ಡ್ರ್ಯಾಗನ್‌ಗೆ ಮೇವು ಹಾಕುವವರ್ಯಾರು?

ಸರಣಿ ಕಾದಂಬರಿಯ ಐದನೆಯ ಪುಸ್ತಕ ಕೈಗೆ ಬರುವ ಹೊತ್ತಿಗೆ ಮೊದಲ ನಾಲ್ಕರಲ್ಲಿ ಸತ್ತವರು ಯಾರು, ಬದುಕಿದವರು ಯಾರು, ಸತ್ತ ಹಾಗೆ ಮಾಡಿ ತಪ್ಪಿಸಿಕೊಂಡವರು ಯಾರು ಎಂಬುದೆಲ್ಲ ಕಲಸುಮೇಲೋಗರವಾಗಿರುತ್ತದೆ. ಇದರಲ್ಲಿ ಓದುಗರ ತಪ್ಪೇನೂ ಇಲ್ಲ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಮಹಾನುಭಾವರು ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಮಾಲೆಯ ಮೊದಲ ಪುಸ್ತಕವನ್ನು 1996ರಲ್ಲಿ ಕೊಟ್ಟರು. ಎರಡನೆಯದು 1998ರಲ್ಲಿ ಬಂತು, ಮೂರನೆಯದು 2000ದಲ್ಲಿ. ಇಲ್ಲಿಯವರೆಗೆ ಎಲ್ಲ ಸಲೀಸು. ನಾಲ್ಕನೆಯದು ಬರುವ ಹೊತ್ತಿಗೆ 2005 ಆಗಿತ್ತು. ಅದರ ಕೊನೆಯಲ್ಲಿ ಲೇಖಕರದೊಂದು ಟಿಪ್ಪಣಿ. ಕಥೆ ತೀರ ಬೆಳೆದುಬಿಟ್ಟಿತು, ಆದ್ದರಿಂದ ಅರ್ಧ ಪಾತ್ರಗಳನ್ನಷ್ಟೇ ಇದರಲ್ಲಿ ತಂದಿದ್ದೇನೆ, ಉಳಿದವರೆಲ್ಲ ಮುಂದಿನ ಪುಸ್ತಕದಲ್ಲಿ ಬರುತ್ತಾರೆ, ಅದು ಬರುವ ವರ್ಷ ನಿಮ್ಮ ಕೈಯಲ್ಲಿರಬಹುದು ಎಂಬುದು ಅದರ ಸಾರ. ಆ ‘ಬರುವ ವರ್ಷ’ 2011ರ ಜುಲೈ ತಿಂಗಳಲ್ಲಿ ಬಂತು. ಪುಸ್ತಕದ ಹೆಸರು ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’.

ನಮ್ಮ ಊರಿನ ಅಂಗಡಿಗಳಿಗೆ ಬರುವ ಬ್ರಿಟಿಷ್ ಪೇಪರ್‌ಬ್ಯಾಕ್‌ನಲ್ಲಿ ಈ ಒಂದು ಪುಸ್ತಕವೇ ಎರಡು ಹೋಳಾಗಿರುತ್ತದೆ. ಮೊದಲನೆಯದು ‘ಡ್ರೀಮ್ಸ್ ಅಂಡ್ ಡಸ್ಟ್’, ಎರಡನೆಯದು ‘ಆಫ್ಟರ್ ದ ಫೀಸ್ಟ್’. ನಾನು ಹೋದ ಅಂಗಡಿಯಲ್ಲಿ ಎರಡನೆಯ ಹೋಳು ರಾಶಿ ಬಿದ್ದಿತ್ತು, ಮೊದಲನೆಯದು ಒಂದೂ ಇರಲಿಲ್ಲ. “ಇದನ್ನೇ ತಗೊಳ್ಳಿ ಮೇಡಂ, ಇದರಲ್ಲೇ ಕ್ಲೈಮ್ಯಾಕ್ಸ್ ಇರೋದು” ಎಂದ ಹುಡುಗ. ವ್ಯಾಪಾರ ಗೊತ್ತಿದ್ದ ಹುಡುಗ. ಕಡೆಗೆ ಅಕ್ಕನ ಮಗ ತನ್ನ ಪ್ರತಿಯನ್ನು ತಂದುಕೊಟ್ಟ. ಕೊಡುವಾಗ, “ಚಿಕ್ಕಮ್ಮ, ಸ್ವಲ್ಪ ನಿಧಾನ ಅನ್ಸುತ್ತೆ. ಬಿಟ್ಟುಬಿಡಬೇಡಿ” ಎಂದು ಕಾಫಿ ಕುಡಿಯುವಷ್ಟು ಹೊತ್ತೂ ಧೈರ್ಯ ಹೇಳಿದ. ಆಪರೇಷನ್‌ಗೆ ಹೊರಟವರಿಗೂ ನಮ್ಮ ಮನೆಯಲ್ಲಿ ಅಷ್ಟು ಧೈರ್ಯ ಹೇಳುವುದಿಲ್ಲ.

ಇಂಥ ಪುಸ್ತಕವನ್ನು ನಾನು ಹಿಂದಿನಿಂದ ತೆರೆಯುತ್ತೇನೆ. ಯಾವ ಮನೆತನ, ಅದರ ಲಾಂಛನ ಯಾವುದು, ಯಜಮಾನ ಯಾರು, ಹೆಂಡತಿ ಮಕ್ಕಳು ಯಾರು, ಅಡುಗೆಯವನು ಯಾರು, ಲಾಯ ನೋಡಿಕೊಳ್ಳುವವನು ಯಾರು ಎಂಬ ಪಟ್ಟಿ ಕೊನೆಯಲ್ಲಿ ಪುಟಗಟ್ಟಲೆ ಇರುತ್ತದೆ. ಸತ್ತವರ ಹೆಸರನ್ನೂ ತೆಗೆದಿಲ್ಲ. ಆವರಣ ಚಿಹ್ನೆಯೊಳಗೆ ಕೂರಿಸಿ, ಪಕ್ಕದಲ್ಲಿ ಹೇಗೆ ಸತ್ತರು ಎಂದು ಕೊಟ್ಟಿದ್ದಾರೆ. ನಮ್ಮ ಲಗ್ನಪತ್ರಿಕೆಯಲ್ಲಿ ಅಜ್ಜಂದಿರ ಹೆಸರಿನ ಹಿಂದೆ ‘ದಿ||’ ಎಂದು ಹಾಕುವುದಿಲ್ಲವೇ, ಹಾಗೆ. ಕೆಲವು ಮನೆತನಗಳಲ್ಲಿ ಆವರಣದ ಹೊರಗೆ ಉಳಿದಿರುವವರು ಅಡುಗೆಯವನು ಮತ್ತು ಲಾಯದವನು ಮಾತ್ರ. ನಾಲ್ಕು ಪುಸ್ತಕಗಳ ಇತಿಹಾಸ ಇದರಲ್ಲೇ ಬಂದುಬಿಟ್ಟಿತು.

ಇಷ್ಟು ಸಿದ್ಧತೆ ಮಾಡಿಕೊಂಡು ಕೂತರೂ ‘ರೀಕ್’ ಎಂಬ ಅಧ್ಯಾಯ ನನ್ನನ್ನು ಕೆಡವಿತು. ಈ ಮಾಲೆಯಲ್ಲಿ ಅಧ್ಯಾಯಕ್ಕೆ ಪಾತ್ರದ ಹೆಸರೇ ತಲೆಬರಹ. ಕತ್ತಲ ಕೋಣೆಯೊಂದರಲ್ಲಿ ಒಬ್ಬ ಇಲಿ ಹಿಡಿದು ಹಸಿಹಸಿಯಾಗಿ ತಿನ್ನುತ್ತಿದ್ದಾನೆ. ಮುದುಕನಂತೆ ನಡುಗುತ್ತಾನೆ, ಹಲ್ಲು ಮುರಿದಿವೆ, ಕೆಲವು ಬೆರಳುಗಳಿಲ್ಲ. ಯಾರಪ್ಪಾ ಇವನು ಎಂದು ಪಟ್ಟಿ ತಡಕಿ, ಸಿಗದೆ, ವಾಪಸು ಬಂದು ಮತ್ತೆರಡು ಪುಟ ಓದಿದ ಮೇಲೆ ಹೊಳೆಯುತ್ತದೆ. ಇವನು ಥಿಯಾನ್! ಎರಡನೆಯ ಪುಸ್ತಕದಲ್ಲಿ ಮೀಸೆ ತಿರುವಿಕೊಂಡು ಕೋಟೆ ಹಿಡಿದಿದ್ದ ಪಡ್ಡೆ ಹುಡುಗ. 1998ರಲ್ಲಿ ನಮ್ಮ ಕಣ್ಣಿನಿಂದ ಮರೆಯಾದವನು 2011ರಲ್ಲಿ ಮತ್ತೆ ತನ್ನ ಕಥೆ ತಾನೇ ಹೇಳಲು ಬಂದಿದ್ದಾನೆ. ಬಂದವನಿಗೆ ತನ್ನ ಹೆಸರೇ ಮರೆತಿದೆ, ಅಂದರೆ ಹಿಂಸಿಸಿ ಮರೆಸಿದ್ದಾರೆ. ಆ ಅಧ್ಯಾಯ ಓದುವಾಗ ನಗು ಬರುವುದಿಲ್ಲ. ಆದರೂ ಹೆಸರು ಮರೆತವನ ಕಥೆಯನ್ನು ಹೆಸರುಗಳನ್ನೆಲ್ಲ ಮರೆತ ಓದುಗರ ಕೈಗೆ ಕೊಟ್ಟ ಲೇಖಕರ ಕಿಲಾಡಿತನಕ್ಕೆ ತಲೆದೂಗಲೇಬೇಕು.

ನಮ್ಮತ್ತೆಗೆ ಎಂಬತ್ತು ದಾಟಿದೆ. ಗಮಕ ವಾಚನ ಎಲ್ಲೇ ಇದ್ದರೂ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಗದುಗಿನ ಭಾರತದ ಪದ್ಯಗಳನ್ನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಹೇಳಿಕೊಳ್ಳುವವರು. ನನ್ನ ಕೈಯಲ್ಲಿದ್ದ ದಪ್ಪನೆಯ ಪುಸ್ತಕ ನೋಡಿ ಒಂದು ಸಂಜೆ ಕೇಳಿದರು.

“ಏನೇ ಅದು, ಅಷ್ಟು ದಪ್ಪ?”

“ಕಾದಂಬರಿ ಅತ್ತೆ. ಡ್ರ್ಯಾಗನ್ ಕಥೆ. ರೆಕ್ಕೆ ಇರೋ ದೊಡ್ಡ ಹಾವಿನ ಥರ. ಬಾಯಿಂದ ಬೆಂಕಿ ಉಗುಳುತ್ತೆ.”

“ಎಷ್ಟಿವೆ?”

“ಮೂರು.”

ಅತ್ತೆ ಒಂದು ಕ್ಷಣ ಯೋಚಿಸಿದರು. “ಮೂರಕ್ಕೂ ಮೇವು ಹಾಕೋರ್ಯಾರು?”

ನಾನು ಪುಸ್ತಕ ಮುಚ್ಚಿ ಅವರ ಮುಖವನ್ನೇ ನೋಡಿದೆ. ಈ ಮಾಲೆಯ ಬಗ್ಗೆ ನನ್ನ ಕಣ್ಣಿಗೆ ಬಿದ್ದ ಪಾಂಡಿತ್ಯಪೂರ್ಣ ಬರಹಗಳಲ್ಲಿ ಅಧಿಕಾರ, ಲಿಂಗರಾಜಕಾರಣ, ಮಧ್ಯಯುಗದ ಯುರೋಪು ಎಲ್ಲ ಬಂದಿವೆ. ಮೇವಿನ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದವರು ನಮ್ಮತ್ತೆಯೊಬ್ಬರೇ. ಐದನೆಯ ಪುಸ್ತಕದ ತಿರುಳು ಇರುವುದೇ ಅಲ್ಲಿ. ಮೊದಲನೆಯ ಪುಸ್ತಕದ ಕೊನೆಯಲ್ಲಿ ಡೆನೇರಿಸ್ ಎಂಬ ಹುಡುಗಿ ಗಂಡನ ಚಿತೆಯೊಳಗೆ ನಡೆದುಹೋಗಿ ಮೂರು ಡ್ರ್ಯಾಗನ್ ಮರಿಗಳೊಂದಿಗೆ ಹೊರಬರುತ್ತಾಳೆ. ರೋಮಾಂಚನವಾಗುತ್ತದೆ. ಎರಡನೆಯದರಲ್ಲಿ ಮರಿಗಳು ಬೆಕ್ಕಿನಷ್ಟಿವೆ, ಹಸಿ ಮಾಂಸ ಮುಟ್ಟುವುದಿಲ್ಲ, ಬೇಯಿಸಿದ್ದೇ ಬೇಕು. ಹಠಮಾರಿ ಕೂಸುಗಳು ಎಂದು ಮುದ್ದು ಬರುತ್ತದೆ. ಐದನೆಯದಕ್ಕೆ ಬರುವಾಗ ಅವು ಬೆಳೆದುಬಿಟ್ಟಿವೆ. ಬೆಳೆದ ಪ್ರಾಣಿ ದಿನವೂ ತಿನ್ನಬೇಕು. ಬೆಂಕಿಯನ್ನು ಅದು ಪುಕ್ಕಟೆಯಾಗಿ ಉಗುಳೀತು, ಕುರಿ ಪುಕ್ಕಟೆಯಾಗಿ ಸಿಗುವುದಿಲ್ಲ.

ಡೆನೇರಿಸ್ ಈಗ ಮೀರೀನ್ ಎಂಬ ಪಟ್ಟಣ ಗೆದ್ದು, ಗುಲಾಮರನ್ನೆಲ್ಲ ಬಿಡಿಸಿ, ರಾಣಿಯಾಗಿ ಕೂತಿದ್ದಾಳೆ. ಕೂತಲ್ಲಿಂದ ಏಳಲು ಸಾಧ್ಯವಿಲ್ಲ, ಅಷ್ಟು ಅಹವಾಲು. ಬಂದವರಲ್ಲಿ ಒಂದು ಗುಂಪು ಕುರುಬರು. ಸುಟ್ಟು ಕರಕಲಾದ ಮೂಳೆಗಳನ್ನು ಚೀಲದಿಂದ ತೆಗೆದು ರಾಣಿಯ ಮುಂದೆ ಸುರಿಯುತ್ತಾರೆ. ನಿಮ್ಮ ಡ್ರ್ಯಾಗನ್ ನಮ್ಮ ಕುರಿ ತಿಂದಿದೆ, ದುಡ್ಡು ಕೊಡಿ. ಹಿಂದೆ ಹೀಗೆ ಬಂದವರಿಗೆ ರಾಣಿ ಕೊಟ್ಟಿದ್ದಳು. ಕೊಟ್ಟ ಸುದ್ದಿ ಹಬ್ಬಿತು. ಸುದ್ದಿ ಹಬ್ಬಿದ ಮೇಲೆ ಕುರಿ ಕಳೆದುಕೊಂಡವರ ಸಂಖ್ಯೆ ಏಕಾಏಕಿ ಏರಿತು. ಸುಟ್ಟ ಮೂಳೆ ನೋಡಿ ಅದು ಡ್ರ್ಯಾಗನ್ ತಿಂದ ಕುರಿಯೋ, ಮನೆಯವರೇ ಹಬ್ಬಕ್ಕೆ ಸುಟ್ಟು ತಿಂದ ಕುರಿಯೋ ಎಂದು ಹೇಳುವುದು ಹೇಗೆ? ಆಸ್ಥಾನದ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಕಡೆಗೆ ರಾಣಿ ಒಂದು ದಾರಿ ಹುಡುಕುತ್ತಾಳೆ. ಈ ಸಲ ಕೊಟ್ಟುಬಿಡಿ, ಇನ್ನು ಮುಂದೆ ಪರಿಹಾರ ಕೇಳುವವರು ದೇವಾಲಯಕ್ಕೆ ಹೋಗಿ ದೇವರ ಮುಂದೆ ಪ್ರಮಾಣ ಮಾಡಿ ಬರಬೇಕು.

ಇದನ್ನು ಅತ್ತೆಗೆ ಓದಿ ಹೇಳಿದೆ. ಅವರ ತವರು ಎಚ್.ಡಿ. ಕೋಟೆಯ ಕಡೆ, ಕಾಡಂಚಿನ ಊರು. “ಮಹಜರು ಮಾಡ್ಸಿದ್ರಾ?” ಎಂದರು.

“ಇಲ್ಲ ಅತ್ತೆ, ಬರೀ ಪ್ರಮಾಣ.”

“ಮಹಜರಿಲ್ಲದೆ ದುಡ್ಡು ಕೊಟ್ರೆ ರಾಜ್ಯ ಉಳಿಯಲ್ಲ ಕಣೇ. ನಮ್ಮಣ್ಣನ ಕರುನ ಚಿರತೆ ಹಿಡಿದಾಗ ಮಹಜರು ಆಯ್ತು, ದನದ ಡಾಕ್ಟ್ರು ಬಂದು ಬರ್ಕೊಟ್ರು, ಫೋಟೋ ತೆಗೆದ್ರು. ಆ ಹುಡುಗಿಗೆ ಹೇಳೋರಿಲ್ಲ, ಕೇಳೋರಿಲ್ಲ ಪಾಪ.”

ಅತ್ತೆ ಹೇಳಿದ್ದು ಅರ್ಧ ನಿಜ. ಡೆನೇರಿಸ್‌ಗೆ ಹೇಳುವವರು ವಿಪರೀತ ಇದ್ದರು, ಆದರೆ ಮಹಜರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಇದೇ ಪ್ರಸಂಗದ ಕೊನೆ ಹೇಗಿದೆಯೆಂದರೆ, ಎಲ್ಲರೂ ದುಡ್ಡಿನ ಭರವಸೆ ಪಡೆದು ಹೊರಟ ಮೇಲೂ ಒಬ್ಬ ಮಾತ್ರ ಚೀಲ ಹಿಡಿದು ನಿಂತೇ ಇರುತ್ತಾನೆ. ಅವನ ಚೀಲದಲ್ಲೂ ಸುಟ್ಟ ಮೂಳೆಗಳೇ. ಕುರಿಯವಲ್ಲ, ಅವನ ಪುಟ್ಟ ಮಗಳವು. ಅಲ್ಲಿಯವರೆಗೆ ನಗಿಸಿಕೊಂಡು ಬಂದ ಲೇಖಕರು ಒಂದೇ ಏಟಿಗೆ ನಗು ಕಿತ್ತುಕೊಳ್ಳುತ್ತಾರೆ. ಈ ಭಾಗವನ್ನು ನಾನು ಅತ್ತೆಗೆ ಓದಲಿಲ್ಲ. ಆಮೇಲೆ ರಾಣಿ ಎರಡು ಡ್ರ್ಯಾಗನ್‌ಗಳನ್ನು ಹಿಡಿಸಿ ನೆಲದಡಿಯ ಹಳ್ಳದಲ್ಲಿ ಸರಪಳಿ ಹಾಕಿಸುತ್ತಾಳೆ. ಕಪ್ಪನೆಯದು, ಎಲ್ಲಕ್ಕಿಂತ ದೊಡ್ಡದು, ಡ್ರೋಗಾನ್, ಸಿಗುವುದೇ ಇಲ್ಲ. ಸರಪಳಿ ಬಿದ್ದ ಮೇಲೆ ಪುಸ್ತಕದ ನೂರಾರು ಪುಟಗಳಲ್ಲಿ ಡ್ರ್ಯಾಗನ್ ಹಾರುವುದಿಲ್ಲ. ಮುಖಪುಟದ ಮೇಲೆ ಡಾನ್ಸ್ ಎಂದು ಹಾಕಿದ್ದಾರೆ, ಒಳಗೆ ನೃತ್ಯಗಾತಿಯರೆಲ್ಲ ನೆಲಮಾಳಿಗೆಯಲ್ಲಿ.

ಬಟ್ಟೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಮೀರೀನ್‌ನ ದೊಡ್ಡ ಮನೆತನದವರು ತೊಡುವುದು ಟೋಕರ್. ಉದ್ದನೆಯ ಒಂದೇ ಬಟ್ಟೆ. ಸೊಂಟಕ್ಕೆ ಸುತ್ತಿ, ಒಂದು ತೋಳಿನ ಕೆಳಗಿಂದ ತಂದು, ಹೆಗಲ ಮೇಲೆ ಹಾಕಿಕೊಳ್ಳಬೇಕು, ಅಂಚಿನ ಕುಚ್ಚುಗಳು ಪದರಪದರವಾಗಿ ಇಳಿಬೀಳಬೇಕು. ಸಡಿಲ ಸುತ್ತಿದರೆ ಜಾರಿ ಬೀಳುತ್ತದೆ, ಬಿಗಿ ಸುತ್ತಿದರೆ ಎಡವಿ ಬೀಳುತ್ತಾರೆ. ಉಟ್ಟವರು ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ ಇರಬೇಕು, ಸಣ್ಣಸಣ್ಣ ಹೆಜ್ಜೆ ಇಡಬೇಕು. ಕುದುರೆ ಏರಿ ಮರುಭೂಮಿ ದಾಟಿದ ಡೆನೇರಿಸ್‌ಗೆ ಇದು ಪ್ರಾಣಸಂಕಟ. ಮೊಲಗಳ ರಾಜ್ಯ ಆಳಬೇಕಾದರೆ ಮೊಲದ ಕಿವಿ ಕಟ್ಟಿಕೊಳ್ಳಲೇಬೇಕು ಎಂದು ಗೊಣಗಿಕೊಳ್ಳುತ್ತಾಳೆ. ಲೇಖಕರು ಇದನ್ನು ಅಧಿಕಾರದ ಭಾರಕ್ಕೆ ಸಂಕೇತವೆಂದು ಬರೆದಿರಬಹುದು. ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಸೀರೆಯುಟ್ಟು ಓಡಿ ಅಭ್ಯಾಸವಿರುವ ನನಗೆ ಅನ್ನಿಸಿದ್ದು ಇಷ್ಟೇ: ಅಮ್ಮಾ ತಾಯಿ, ಇಡೀ ಪಟ್ಟಣ ಗೆದ್ದಿದ್ದೀಯಂತೆ, ಎರಡು ಪಿನ್ನು ಚುಚ್ಚಿಕೋ.

ಮಾಲೆಯ ಅಭಿಮಾನಿಗಳಲ್ಲಿ ಮೀರೀನ್ ಅಧ್ಯಾಯಗಳೆಂದರೆ ಮುಖ ಕಹಿ ಮಾಡಿಕೊಳ್ಳುವವರೇ ಹೆಚ್ಚು. ಅಕ್ಕನ ಮಗನೂ ಅವರಲ್ಲೊಬ್ಬ. “ಯುದ್ಧ ಎಲ್ಲಿ ಚಿಕ್ಕಮ್ಮ? ಬರೀ ಮೀಟಿಂಗು” ಎನ್ನುತ್ತಾನೆ. ಅವನು ಭಾರತ ಪೂರ್ತಿ ಕೇಳಿದವನಲ್ಲ, ಅದಕ್ಕೇ ಹಾಗೆನ್ನುತ್ತಾನೆ. ಕುರುಕ್ಷೇತ್ರ ಮುಗಿದ ಮೇಲೆ ವ್ಯಾಸರು ಏನು ಬರೆದರು? ಶಾಂತಿಪರ್ವ. ಬಾಣದ ಮಂಚದ ಮೇಲೆ ಮಲಗಿರುವ ಭೀಷ್ಮರನ್ನು ಧರ್ಮರಾಯ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ. ಅದರಲ್ಲಿ ತೆರಿಗೆಯೂ ಬರುತ್ತದೆ. ದುಂಬಿ ಹೂವಿಗೆ ನೋವಾಗದಂತೆ ಜೇನು ಹೀರುವ ಹಾಗೆ ಪ್ರಜೆಗಳಿಂದ ತೆಗೆದುಕೊಳ್ಳಬೇಕು ಎಂದು ಮೈತುಂಬ ಬಾಣ ನೆಟ್ಟಿರುವ ಮುದುಕ ಸಾವಧಾನವಾಗಿ ವಿವರಿಸುತ್ತಾರೆ. ಮಾರ್ಟಿನ್ ಅವರು 2014ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಸಂದರ್ಶನದಲ್ಲಿ ಟೋಲ್ಕಿನ್ ಅವರ ಅರಗಾರ್ನ್ ರಾಜನ ಬಗ್ಗೆ ಕೇಳಿದ್ದೂ ಇದನ್ನೇ. ಅವನು ನೂರು ವರ್ಷ ಚೆನ್ನಾಗಿ ಆಳಿದ ಎಂದುಬಿಟ್ಟರೆ ಆಯಿತೇ, ಅವನ ತೆರಿಗೆ ನೀತಿ ಏನಿತ್ತು, ಸೋತ ಓರ್ಕ್‌ಗಳ ತೊಟ್ಟಿಲ ಕೂಸುಗಳನ್ನು ಏನು ಮಾಡಿದ ಎಂಬುದು ಅವರ ತಕರಾರು. ವ್ಯಾಸರು ಈ ಪ್ರಶ್ನೆಯನ್ನು ಎದುರಿಸಿದರು, ಟೋಲ್ಕಿನ್ ದಾಟಿದರು. ನಮ್ಮ ಕುಮಾರವ್ಯಾಸ ಇಬ್ಬರಿಗಿಂತ ಜಾಣ. ಗದಾಪರ್ವದವರೆಗೆ ಹತ್ತು ಪರ್ವ ಹಾಡಿ, ದುರ್ಯೋಧನನ ತೊಡೆ ಮುರಿದ ಮೇಲೆ ಲೇಖನಿ ಕೆಳಗಿಟ್ಟ. ತೆರಿಗೆ, ದುಂಬಿ, ರಾಜನೀತಿ ಎಲ್ಲ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಪಾಲಿಗೆ ಬಂತು. ತಿಮ್ಮಣ್ಣ ಪಾಪ, ಉಳಿದ ಪರ್ವಗಳನ್ನೆಲ್ಲ ಬರೆದು ಮುಗಿಸಿದ. ಅತ್ತೆ ಕೂತು ಕೇಳಿದ ವಾಚನಗಳಲ್ಲಿ ಅವನ ಹೆಸರು ಬಂದದ್ದು ಅವರಿಗೆ ನೆನಪೇ ಇಲ್ಲ.

ಉತ್ತರಭಾಗ ಬರೆಯುವವರ ಹಣೆಬರಹವೇ ಇದು. ಮೊದಲ ಭಾಗದವರು ಡ್ರ್ಯಾಗನ್ ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ, ಲೆಕ್ಕ ಬರೆಯುವ ಕೆಲಸ ಎರಡನೆಯ ಭಾಗಕ್ಕೆ. ಟೋಲ್ಕಿನ್ 1937ರಲ್ಲಿ ‘ದ ಹಾಬಿಟ್’ನಲ್ಲಿ ಚಿನ್ನದ ರಾಶಿಯ ಮೇಲೆ ಮಲಗುವ ಸ್ಮಾಗ್‌ನನ್ನು ತಂದರು. ಪ್ರಕಾಶಕರು ಮುಂದಿನ ಭಾಗ ಕೇಳಿದರು. ಅದು ಅಚ್ಚಾಗಿ ಬರತೊಡಗಲು 1954 ಆಯಿತು. ಬಂದ ಮೂರು ಸಂಪುಟಗಳಲ್ಲಿ ಎಲ್ಲಿ ಹುಡುಕಿದರೂ ಬೆಂಕಿ ಉಗುಳುವ ಡ್ರ್ಯಾಗನ್ ಇಲ್ಲ! ಆ್ಯನ್ ಮೆಕ್ಯಾಫ್ರಿಯವರ ಪರ್ನ್ ಲೋಕದಲ್ಲಿ ಡ್ರ್ಯಾಗನ್ ಸವಾರರೆಲ್ಲ ಬದುಕುವುದು ಊರಿನವರು ಕೊಡುವ ಕಾಣಿಕೆಯ ಮೇಲೆ. ಆಕಾಶದಿಂದ ಅಪಾಯ ಬಂದು ಶತಮಾನಗಳೇ ಆದಾಗ, ಈ ಪ್ರಾಣಿಗಳನ್ನು ನಾವೇಕೆ ಸಾಕಬೇಕು ಎಂದು ಊರಿನವರು ಕಾಣಿಕೆ ನಿಲ್ಲಿಸುತ್ತಾರೆ. ಅಲ್ಲೂ ಮೇವಿನದೇ ಜಗಳ. ಹದಿನೈದರ ಹರೆಯದಲ್ಲಿ ಬರೆಯಲು ಕೂತ ಕ್ರಿಸ್ಟೋಫರ್ ಪವೊಲಿನಿಯ ‘ಎರಗಾನ್’ ಹುಡುಗರಿಗೆಲ್ಲ ಗೊತ್ತು. ಅದರ ಮುಂದಿನ ಭಾಗ ‘ಎಲ್ಡೆಸ್ಟ್’, 2005ರದು. ಅದರಲ್ಲಿ ನಾಯಕ ಎಲ್ಫ್‌ಗಳ ಕಾಡಿಗೆ ಕಲಿಯಲು ಹೋಗಿ, ಪ್ರಾಣಿಗಳ ಮನಸ್ಸು ಹೊಕ್ಕು ನೋಡಿ, ಮಾಂಸ ಬಿಟ್ಟುಬಿಡುತ್ತಾನೆ. ಅವನ ಡ್ರ್ಯಾಗನ್ ಮಾತ್ರ ಜಿಂಕೆ ಹಿಡಿಯುವುದನ್ನು ಬಿಡುವುದಿಲ್ಲ. ಇದನ್ನು ಹೇಳಿದಾಗ ಅತ್ತೆಗೆ ಬಹಳ ಖುಷಿಯಾಯಿತು. ಮಡಿ ಹೆಂಗಸು ಮನೆಯಲ್ಲಿ ಬೆಕ್ಕು ಸಾಕಿದರೆ ಹೇಗಿರುತ್ತದೆಂದು ಅವರಿಗೆ ಗೊತ್ತು. ಅಂದ ಹಾಗೆ ಪವೊಲಿನಿಯದೂ ಮೂರೇ ಪುಸ್ತಕವೆಂದು ಶುರುವಾದದ್ದು. ಮೂರನೆಯದು ಕೈಮೀರಿ ಬೆಳೆದು ನಾಲ್ಕಾಯಿತು. ಡ್ರ್ಯಾಗನ್ ಸಾಕಿದವರಾರಿಗೂ ಪುಟಗಳ ಲೆಕ್ಕ ಹತ್ತಿದ್ದಿಲ್ಲ.

ಮೀರೀನ್‌ಗೆ ಮತ್ತೆ ಬರೋಣ. ಲೋಕದ ಮೂಲೆಮೂಲೆಯಿಂದ ಜನ ಡೆನೇರಿಸ್‌ಳನ್ನು ನೋಡಲು ಹೊರಟಿದ್ದಾರೆ. ತಂದೆಯನ್ನು ಕೊಂದು ಓಡಿಬಂದ ಕುಳ್ಳ ಟಿರಿಯನ್ ಹಡಗಿನಲ್ಲಿ ಅಡಗಿ ಸಮುದ್ರ ದಾಟಿ, ಹೆಂಡದ ಪೀಪಾಯಿಯೊಳಗೆ ಕೂತು ದಡ ಸೇರುತ್ತಾನೆ. ಆಮೇಲೆ ದೋಣಿಯಲ್ಲಿ, ಆಮೇಲೆ ಗುಲಾಮನಾಗಿ, ಒಂದು ಹಂತದಲ್ಲಿ ಹಂದಿಯ ಬೆನ್ನ ಮೇಲೆ. ಅಷ್ಟು ದೂರ ಬಂದವನು ರಾಣಿಯನ್ನು ಅಖಾಡದ ಕೆಳಗಿನಿಂದ ಕಂಡದ್ದೇ ಬಂತು, ಒಂದು ಮಾತೂ ಆಡಲಿಲ್ಲ. ಕ್ವೆಂಟಿನ್ ಎಂಬ ಸಂಕೋಚದ ರಾಜಕುಮಾರ ಮದುವೆಯ ಪ್ರಸ್ತಾಪ ಹಿಡಿದು ಬರುತ್ತಾನೆ. ಬರುವ ಹೊತ್ತಿಗೆ ರಾಣಿಗೆ ಬೇರೊಬ್ಬನ ಜೊತೆ ನಿಶ್ಚಯವಾಗಿರುತ್ತದೆ. ಬಂದ ಕೆಲಸ ಹೇಗಾದರೂ ಆಗಲಿ ಎಂದು ಡ್ರ್ಯಾಗನ್ ಪಳಗಿಸಲು ಹಳ್ಳಕ್ಕಿಳಿಯುತ್ತಾನೆ. ಆಮೇಲೆ ಅವನು ಆವರಣ ಚಿಹ್ನೆಯೊಳಗೆ. ಯಾರು ಯಾವಾಗ ಊರು ಮುಟ್ಟಬೇಕು, ಯಾರು ಯಾರನ್ನು ಮೊದಲು ನೋಡಬೇಕು ಎಂಬ ಈ ಸಿಕ್ಕಿಗೆ ಲೇಖಕರೇ ‘ಮೀರೀನ್ ಗಂಟು’ ಎಂಬ ಹೆಸರು ಕೊಟ್ಟಿದ್ದರು. ಅದನ್ನು ಬಿಚ್ಚಲು ವರ್ಷಗಳೇ ಹಿಡಿದವು. ಕೊನೆಗೆ ಮುದುಕ ಸೇನಾನಿ ಬ್ಯಾರಿಸ್ಟನ್‌ನ ಕಣ್ಣಿನಿಂದ ಕೆಲವು ಅಧ್ಯಾಯ ಹೇಳಿಸಿದ ಮೇಲೆ ಗಂಟು ಸಡಿಲವಾಯಿತಂತೆ. ಮನೆಯ ರಗಳೆಗಳೂ ಹಾಗೆ, ಹಿರಿಯರೊಬ್ಬರನ್ನು ಕರೆದು ಕೂರಿಸಿದ ಮೇಲೇ ಬಗೆಹರಿಯುತ್ತವೆ.

ಕೊನೆಗೂ ಡ್ರೋಗಾನ್ ಬರುತ್ತದೆ. ತುಂಬಿದ ಅಖಾಡದ ನಡುವೆ ಇಳಿಯುತ್ತದೆ, ರಾಣಿ ಟೋಕರ್ ಕಿತ್ತೆಸೆದು ಅದರ ಬೆನ್ನೇರಿ ಹಾರುತ್ತಾಳೆ. ಅಷ್ಟು ಕಾಯಿಸಿದ್ದಕ್ಕೂ ಆ ಪುಟಗಳು ಸಾರ್ಥಕ, ನಾನು ಎದ್ದು ಕೂತು ಓದಿದೆ. ಆದರೆ ಲೇಖಕರು ಅಲ್ಲೂ ಮೇವಿನ ಪ್ರಶ್ನೆ ಬಿಡುವುದಿಲ್ಲ. ಹಾರಿ ಹೋದವಳು ಹುಲ್ಲುಗಾವಲಿನ ನಡುವೆ ಒಬ್ಬಂಟಿ. ಡ್ರ್ಯಾಗನ್ ಬೇಟೆಯಾಡಿ ತಿನ್ನುತ್ತದೆ, ಅವಳು ಕಾಡುಹಣ್ಣು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾಳೆ. ಕಡೆಯಲ್ಲಿ ಡ್ರೋಗಾನ್ ಸುಟ್ಟ ಕುದುರೆಯ ಮಾಂಸವನ್ನು ಅದರ ಪಕ್ಕದಲ್ಲೇ ಕೂತು ಕೈಯಲ್ಲಿ ಹರಿದು ತಿನ್ನುತ್ತಾಳೆ. ಮೂರು ಡ್ರ್ಯಾಗನ್‌ಗಳಿಗೆ ಮೇವು ಒದಗಿಸಲಾಗದ ರಾಣಿಗೆ ಡ್ರ್ಯಾಗನ್ನೇ ಊಟ ಹಾಕಿತು. 2011ರ ಪುಸ್ತಕದ ಗುಟ್ಟು ಬಿಟ್ಟುಕೊಟ್ಟೆನೆಂದು ಯಾರೂ ಮುನಿಸಿಕೊಳ್ಳಬಾರದು, ಇದಕ್ಕೂ ಒಂದು ಕಾಲಮಿತಿ ಇರುತ್ತದೆ.

ಆರನೆಯದರ ಹೆಸರು ‘ದ ವಿಂಡ್ಸ್ ಆಫ್ ವಿಂಟರ್’. ನಾನು ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಅಷ್ಟರಲ್ಲಿ ಟಿವಿಯವರು 2011ರಲ್ಲಿ ಧಾರಾವಾಹಿ ಶುರುಮಾಡಿ, ಪುಸ್ತಕವನ್ನು ಹಿಂದಕ್ಕೆ ಹಾಕಿ, 2019ರಲ್ಲಿ ತಮಗೆ ತೋಚಿದಂತೆ ಮುಗಿಸಿಯೂ ಬಿಟ್ಟರು. ಕುರುಬರ ಪ್ರಸಂಗವನ್ನು ಅವರೂ ಬಿಟ್ಟಿಲ್ಲ, ಕುರಿಯ ಬದಲು ಮೇಕೆ ಮಾಡಿದ್ದಾರೆ. ಮಾರ್ಟಿನ್ ಇವತ್ತಿಗೂ ಬರೆಯುವುದು ಹಳೆಯ ಡಾಸ್ ಕಂಪ್ಯೂಟರಿನಲ್ಲಿ, ವರ್ಡ್‌ಸ್ಟಾರ್ 4.0ರಲ್ಲಿ ಎಂದು ಅವರೇ ಒಮ್ಮೆ ಟಿವಿಯಲ್ಲಿ ಹೇಳಿದ್ದರು. ಕೇಳಿ ನನಗೆ ಹಳೆಯ ಗೆಳತಿ ಸಿಕ್ಕಷ್ಟು ಸಂತೋಷವಾಯಿತು. ತೊಂಬತ್ತರ ದಶಕದಲ್ಲಿ ಟೈಪಿಂಗ್ ಕ್ಲಾಸಿನ ಮಹಡಿಯ ಮೇಲೆ, ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಯಲ್ಲಿ ನಾವೂ ಅದನ್ನೇ ಕಲಿತವರು. ಕಂಟ್ರೋಲ್ ಒತ್ತಿ ಕೆ, ಎಸ್ ಎಂದರೆ ಬರೆದದ್ದು ಉಳಿಯುತ್ತದೆ, ಬರೆಯುವುದನ್ನು ಮುಂದುವರಿಸಬಹುದು. ಕೆ, ಡಿ ಎಂದರೆ ಉಳಿಸಿ ಮುಚ್ಚುತ್ತದೆ, ಕೆಲಸ ಮುಗಿಯಿತು. ಮಾರ್ಟಿನ್ ಅವರ ಕೀಬೋರ್ಡಿನಲ್ಲಿ ಎಸ್ ಸವೆದುಹೋಗಿರಬೇಕು, ಡಿ ಹೊಚ್ಚಹೊಸದಾಗಿರಬೇಕು.

ಅವರು 1948ರಲ್ಲಿ ಹುಟ್ಟಿದವರು. ಬೇಗ ಬರೆಯಿರಿ ಎಂದು ಗದರುವವರ ಸಾಲಿಗೆ ನಾನು ಸೇರುವುದಿಲ್ಲ. ಅವರಿಗೊಬ್ಬ ತಿಮ್ಮಣ್ಣ ಸಿಗಲಿ ಎಂದೂ ಹಾರೈಸಲಾರೆ. ಅತ್ತೆಯಂತೂ ಆರನೆಯ ಪುಸ್ತಕಕ್ಕಾಗಿ ಕಾಯುತ್ತಿಲ್ಲ. “ಆ ಹುಡುಗಿ ಸರಪಳಿ ಬಿಚ್ಚಿದ್ಳಾ?” ಎಂದು ಮಾತ್ರ ಆಗಾಗ ಕೇಳುತ್ತಾರೆ.

ಕಥೆ ಮುಗಿದಿಲ್ಲ ಎಂಬ ಒಂದೇ ಕಾರಣಕ್ಕೆ ಐದನೆಯ ಪುಸ್ತಕವನ್ನು ಮುಟ್ಟದೆ ಕೂತಿರುವವರು ದಯವಿಟ್ಟು ಓದಿ. ಬೇಸರವೆಂದು ಎಲ್ಲರೂ ದೂರುವ ಮೀರೀನ್ ಅಧ್ಯಾಯಗಳೇ ಅದರಲ್ಲಿ ಉತ್ತಮವಾದವು. ಓದುವುದಾದರೆ ಅಚ್ಚಿನ ಪುಸ್ತಕವನ್ನೇ ಓದಿ, ಹಿಂದಿನ ಪಟ್ಟಿಗೆ ಒಂದು ಬೆರಳು ಸಿಕ್ಕಿಸಿಟ್ಟುಕೊಳ್ಳಿ. ಮೊಬೈಲಿನಲ್ಲಿ ಓದಿದರೆ ಪಟ್ಟಿಗೆ ಹೋಗಿ, ಇವನ್ಯಾರೆಂದು ನೋಡಿಕೊಂಡು ಬರುವಷ್ಟರಲ್ಲಿ ಆಸಾಮಿ ಸತ್ತಿರುತ್ತಾನೆ.